ಪರದೆಯ ಹಿಂದೆ ಕೂತವರು

೧೧ ಫೆಬ್ರುವರಿ ೧೯೮೬

ಇವತ್ತು ಚಾವಡಿಯಲ್ಲಿ ಊರ ಹಿರಿಯರೆಲ್ಲ ಸೇರಿದ್ದರು. ಕೆರೆಯ ವಿಷಯ ತೀರ್ಮಾನವಾಯಿತು.

ನಮ್ಮ ಈ ಎರೆಭೂಮಿಯಲ್ಲಿ ಬಾವಿ ತೋಡಿದರೆ ಉಪ್ಪುನೀರು. ಕುಡಿಯುವುದಕ್ಕೆ ಇರುವುದು ಒಂದೇ ಕೆರೆ. ಊರಾಚೆಯ ಕೇರಿಯವರು ನೀರು ಮುಟ್ಟುವಂತಿಲ್ಲ; ದಂಡೆಯ ಮೇಲೆ ಕೊಡ ಇಟ್ಟು ನಿಲ್ಲುತ್ತಾರೆ. ನೀರಿಗೆ ಹೋದ ನಮ್ಮ ಹೆಂಗಸರು ಯಾರಾದರೂ ಎತ್ತಿ ಹೊಯ್ಯುತ್ತಾರೆ. ಹಿಂದಿನಿಂದ ನಡೆದುಬಂದದ್ದು. ಮೊನ್ನೆ ಕೇರಿಯ ಹೆಂಗಸೊಬ್ಬಳು ತಾನೇ ಮೆಟ್ಟಿಲಿಳಿದು ಕೊಡ ಅದ್ದಿದಳಂತೆ. ಬೆಳಗಿನಿಂದ ನಿಂತಿದ್ದಳಂತೆ, ಮನೆಯಲ್ಲಿ ಕೂಸಿಗೆ ಜ್ವರವಂತೆ, ಯಾರೂ ಹೊಯ್ಯಲಿಲ್ಲವಂತೆ. ಇರಬಹುದು.

ಕೇರಿಯ ಹಿರಿಯರು ಗುಡಿಯ ಮುಂದೆ ಬಂದು ತಪ್ಪಾಯಿತೆಂದು ಅಡ್ಡಬೀಳುವ ತನಕ ಅವರಿಗೆ ಕೂಲಿ ಇಲ್ಲ, ಅಂಗಡಿ ಇಲ್ಲ, ಗಿರಣಿ ಇಲ್ಲ ಎಂದು ಗೊತ್ತುಮಾಡಲಾಯಿತು. ಗಿರಣಿ ಎಂದ ಕೂಡಲೇ ಎಲ್ಲರೂ ನನ್ನ ಕಡೆ ನೋಡಿದರು. ಊರಿಗೆ ಇರುವುದು ನನ್ನದೊಂದೇ ಹಿಟ್ಟಿನ ಗಿರಣಿ. ಶಂಭುಲಿಂಗಪ್ಪ ಕಾಕಾ, "ಏನ್ ಹೊಳೆಪ್ಪಾ, ತಿಳೀತಿಲ್ಲೋ?" ಎಂದರು. ತಲೆಯಾಡಿಸಿದೆ. ಆಡಿಸದೆ ಏನು ಮಾಡುವುದು? ಗಿರಣಿಯ ಶೆಡ್ಡು ನಿಂತಿರುವುದು ಕಾಕಾನ ಜಾಗದಲ್ಲಿ. ಅಪ್ಪ ತೀರಿಕೊಂಡಾಗ ತಾವಾಗಿಯೇ ಕರೆದು ಜಾಗ ಕೊಟ್ಟ ಮನುಷ್ಯ.

ಮನೆಗೆ ಬಂದು ಹೆಂಡತಿ ಸಾವಿತ್ರೆವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸಪ್ಪಳ ಸ್ವಲ್ಪ ಜೋರಾಯಿತೆಂದು ನನಗನ್ನಿಸಿತು.

೧೩ ಫೆಬ್ರುವರಿ

ಕೊಡ ಅದ್ದಿದವಳು ಕೇರಿಯ ಗುಡದಪ್ಪನ ಹೆಂಡತಿ ದುರಗವ್ವ ಅಂತೆ. ನನಗೆ ಗೊತ್ತಿರಲಿಲ್ಲ. ಇವತ್ತು ಬುಟ್ಟಿಯಲ್ಲಿ ಜೋಳ ಹೊತ್ತು ಗಿರಣಿಗೇ ಬಂದಳು.

"ಅಣ್ಣಾ, ಮೋಟರ್ ಹಚ್ಚು."

"ಇಲ್ಲವಾ, ಬೀಸಾಂಗಿಲ್ಲ."

"ಯಾಕ, ಕರೆಂಟ್ ಐತೆಲ್ಲ?"

"ಕರೆಂಟ್ ಐತಿ. ನಾ ಏನ್ ಮಾಡ್ಲಿ ತಾಯಿ, ಮ್ಯಾಲಿನವರ ಹುಕುಂ ಐತಿ."

"ಮ್ಯಾಲಿನವರು ಅಂದ್ರ ಯಾರು? ಮಳಿ ಕೊಡಾವನೋ, ನಿಮ್ಮ ಕಾಕಾನೋ?"

ಅವಳು ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಶಲವಡಿ ದಾರಿ ಹಿಡಿದಳು. ಅಲ್ಲಿನ ಗಿರಣಿಗೆ ಹೋಗಿ ಬರುವುದೆಂದರೆ ಬಿಸಿಲಲ್ಲಿ ಅರ್ಧ ದಿನದ ನಡಿಗೆ. ನಾನು ಬೈಯಲಿಲ್ಲ, ಮೆತ್ತಗೇ ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ಬುಟ್ಟಿಯನ್ನು ಒದೆಯುತ್ತಿದ್ದರು. ಇದನ್ನು ಅವಳು ತಿಳಿದುಕೊಳ್ಳಬೇಕು.

೧೯ ಫೆಬ್ರುವರಿ

ಕೆಲಸ ಬೇಗ ಮುಗಿಯುತ್ತಿದೆ. ಮಧ್ಯಾಹ್ನ ನಿದ್ದೆ.

೨೪ ಫೆಬ್ರುವರಿ

ಶಾಲೆಯ ಹೆಡ್‌ಮಾಸ್ತರ ಮಹಬೂಬಸಾಬರು ಗಿರಣಿಗೆ ಬಂದಿದ್ದರು. ಧಾರವಾಡದ ಅವರ ಗೆಳೆಯರದೊಂದು ಚಿತ್ರಸಂಘವಿದೆಯಂತೆ. ಪ್ರೊಜೆಕ್ಟರ್ ತಂದು ಹಳ್ಳಿಗಳಲ್ಲಿ ಹೊರದೇಶದ ಒಳ್ಳೆಯ ಸಿನೆಮಾ ತೋರಿಸುತ್ತಾರಂತೆ. ಶಾಲೆಯಲ್ಲಿ ಕರೆಂಟಿಲ್ಲ. ನನ್ನ ಗಿರಣಿಯಿಂದ ತಂತಿ ಎಳೆದುಕೊಳ್ಳಬಹುದೇ ಎಂದು ಕೇಳಿದರು. ಆಗಲಿ ಎಂದೆ.

"ಇನ್ನೊಂದೈತಿ ಹೊಳೆಪ್ಪಣ್ಣಾ. ಸಿನೆಮಾದ ಭಾಷಾ ನಮಗ ತಿಳಿಯಾಂಗಿಲ್ಲ. ಯಾರರೆ ಮೈಕ್ ಹಿಡಕೊಂಡು ಕನ್ನಡದಾಗ ಹೇಳ್ಬೇಕು. ಊರಾಗ ಧ್ವನಿ ಅಂದ್ರ ನಿಮ್ಮದ."

ಸುಳ್ಳಲ್ಲ. ನಾನು ದುರ್ಯೋಧನನ ಪಾತ್ರ ಮಾಡಿದಾಗ ಅಣ್ಣಿಗೇರಿಯಿಂದ ಜನ ಬಂದಿದ್ದರು. ಒಪ್ಪಿಕೊಂಡೆ. ಮನಸ್ಸಿಗೆ ಗೆಲುವಾಯಿತು. ಸಂಜೆ ಮನೆಯಲ್ಲಿ ನಾಟಕದ ಒಂದೆರಡು ಹಳೆಯ ಕಂದಪದ್ಯ ಹಾಡಿದೆ. ಸಾವಿತ್ರೆವ್ವ ಎದ್ದು ಹಿತ್ತಲಿಗೆ ಹೋದಳು.

೨ ಮಾರ್ಚ್

ಮಾಸ್ತರರು ಸಿನೆಮಾದ ಮಾತುಗಳನ್ನು ಕನ್ನಡಕ್ಕೆ ಮಾಡಿ ಕೊಟ್ಟಿದ್ದಾರೆ. ಕಥೆ ಇಷ್ಟು. ಯುರೋಪಿನ ಒಂದು ಸಣ್ಣ ಪಟ್ಟಣ. ಜರ್ಮನಿಯ ನಾಝಿ ಸೈನ್ಯ ಬಂದು ಊರನ್ನು ಹಿಡಿದು ಕೂತಿದೆ. ಅಲ್ಲೊಬ್ಬ ಕೀಲಿ ರಿಪೇರಿಯವನು. ಹೆಂಡತಿ, ಎರಡು ಮಕ್ಕಳು, ಮೂಲೆಯಲ್ಲೊಂದು ಅಂಗಡಿ. ಸೈನಿಕರು ಯಹೂದಿಗಳನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಆ ಮನೆಗಳಿಗೆ ಹೊಸ ಕೀಲಿ ಜಡಿಯುವ ಕೆಲಸ ಇವನದು. ಇವನು ಯಾರಿಗೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಎದುರುಮನೆಯ ಯಹೂದಿ ಮುದುಕಿ ಬಂದು, ನನ್ನ ಔಷಧ ಒಳಗೇ ಉಳಿದಿದೆ, ಸ್ವಲ್ಪ ಬಾಗಿಲು ತೆಗೆದುಕೊಡಪ್ಪ ಎನ್ನುತ್ತಾಳೆ. ತೆಗೆಯುವುದಿಲ್ಲ. ಕೊನೆಗೆ ಒಂದು ದಿನ, ಅಟ್ಟದ ಮೇಲೆ ಯಾರೋ ಅಡಗಿದ್ದಾರೆ, ಆ ಬಾಗಿಲು ತೆಗೆ ಎಂದು ಸೈನಿಕರು ಕರೆದೊಯ್ಯುತ್ತಾರೆ. ತೆಗೆಯುತ್ತಾನೆ. ಒಳಗಿಂದ ಒಬ್ಬ ಹುಡುಗಿ ಇಳಿದು ಬರುತ್ತಾಳೆ. ಮುಗಿಯಿತು.

"ಇದೇನ್ ಕಥೀರಿ ಮಾಸ್ತರ? ಕೀಲಿಯವ ಪಾಪ, ಅವನ ತಪ್ಪೇನೈತಿ ಇದರಾಗ?" ಎಂದೆ.

"ನಂಗೊತ್ತಿಲ್ಲ. ನೀವ ಅವನ ಧ್ವನಿ. ನೀವ ಹೇಳ್ರಿ," ಎಂದು ಕನ್ನಡಕ ಒರೆಸಿಕೊಂಡರು.

ಅವರ ಕನ್ನಡ ಬಹಳ ಪುಸ್ತಕದ್ದು. "ನಾನು ಅಸಹಾಯಕನು, ಮೇಲಧಿಕಾರಿಗಳ ಆಜ್ಞೆಯಾಗಿದೆ" ಎಂದರೆ ನಮ್ಮೂರಲ್ಲಿ ಯಾರು ಕೇಳುತ್ತಾರೆ? ನಮ್ಮ ಮಾತಿಗೆ ತಿರುಗಿಸುತ್ತಾ ಕೂತೆ. ಮುದುಕಿಗೆ ಹೇಳುವ ಮಾತು ತಾನಾಗಿಯೇ ಬಾಯಿಗೆ ಬಂತು: "ನಾ ಏನ್ ಮಾಡ್ಲಿ ತಾಯಿ, ಮ್ಯಾಲಿನವರ ಹುಕುಂ ಐತಿ." ಜೋರಾಗಿ ಅಂದು ನೋಡಿದೆ. ಚೆನ್ನಾಗಿ ಕೂತಿತು.

ಜೋಳ ಹಸನು ಮಾಡುತ್ತಿದ್ದ ಸಾವಿತ್ರೆವ್ವ ಮೊರ ಕೆಳಗಿಟ್ಟು ನೋಡಿದಳು. "ಇದು ಮಾಸ್ತರು ಬರದದ್ದೋ, ನೀವು ಬರದದ್ದೋ?"

"ನಾನ. ಯಾಕ?"

"ಏನಿಲ್ಲ. ಹಗರ್ಕ ಅನ್ರಿ, ಗ್ವಾಡಿ ಆಚೆ ಕೇಳ್ಸತೈತಿ."

ಹೆಂಗಸರಿಗೆ ನಾಟಕದ ರುಚಿ ಕಡಿಮೆ.

೬ ಮಾರ್ಚ್

ಹತ್ತಿ ಒಡೆದಿದೆ. ಹೊಲಗಳೆಲ್ಲ ಬೆಳ್ಳಗೆ ಬಾಯಿ ತೆರೆದು ನಿಂತಿವೆ, ಬಿಡಿಸುವ ಕೈಗಳಿಲ್ಲ. ಕೇರಿಯವರು ತಿರ್ಲಾಪುರದ ಕಡೆ ಕೂಲಿಗೆ ಹೋಗುತ್ತಿದ್ದಾರಂತೆ. ನಮ್ಮ ಓಣಿಯ ಮೈಲಾರಪ್ಪ ಗಿರಣಿಯ ಕಟ್ಟೆಯ ಮೇಲೆ ಕೂತು ತನ್ನ ಹತ್ತಿ ಗಾಳಿಗೆ ಉದುರುತ್ತಿದೆ ಎಂದು ಗೋಳಾಡಿದ. "ಹಂಗಾರ ಕಾಕಾಗ ಹೋಗಿ ಹೇಳು," ಎಂದೆ. "ನೀ ಹೇಳು," ಎಂದ.

ಸಿನೆಮಾಕ್ಕೆ ಕಾಕಾ ಒಪ್ಪಿದ್ದಾರೆ. "ಲಡಾಯಿ ಸಿನೆಮಾ ಅಂದ್ರ ವಿಮಾನ ಬರ್ತಾವೇನು?" ಎಂದು ಕೇಳಿದರು. ಕೇರಿಯವರನ್ನೂ ಕರೆಯುವುದಾಗಿ ಮಾಸ್ತರರು ಪಟ್ಟು ಹಿಡಿದಾಗ ಕಾಕಾ ತುಸು ಯೋಚಿಸಿ ಹೇಳಿದರು: "ಬರ್ಲಿ. ಪರದೆ ಹಿಂದ ಕುಂದರ್ಲಿ. ಬಟ್ಟಿ ತೆಳ್ಳಗಿರತೈತಿ, ಆ ಕಡಿಗೂ ಕಾಣಸತೈತಿ."

ಮಾಸ್ತರರು ನನ್ನ ಮುಖ ನೋಡಿದರು. ನಾನು ಮೋಟಾರಿನ ಪಟ್ಟಾ ಸರಿಮಾಡುತ್ತಿದ್ದೆ. ಸರಿಯಾಗಿಯೇ ಇತ್ತು.

೧೦ ಮಾರ್ಚ್

ನಿನ್ನೆ ಸಿನೆಮಾ ಆಯಿತು. ನಿನ್ನೆಯೇ ಬರೆಯಬೇಕೆಂದಿದ್ದೆ, ಆಗಲಿಲ್ಲ.

ಶಾಲೆಯ ಬಯಲಲ್ಲಿ ಎರಡು ಕಂಬದ ನಡುವೆ ಬಿಳಿ ಬಟ್ಟೆ ಕಟ್ಟಿದ್ದರು. ದೀಪ ಹಚ್ಚುವ ಹೊತ್ತಿಗೆ ಊರೇ ಸೇರಿತ್ತು. ಮುಂದೆ ಕುರ್ಚಿಯಲ್ಲಿ ಕಾಕಾ, ಪಕ್ಕದಲ್ಲಿ ಅವರ ಹೆಂಡತಿ ಸುಶೀಲವ್ವ ಚಿಕ್ಕವ್ವ. ಪರದೆಯ ಹಿಂದೆ ಕೇರಿಯವರು. ನನಗೆ ಮೈಕು ಕೊಟ್ಟು ಕೂಡಿಸಿದ್ದು ಕಂಬದ ಬುಡದಲ್ಲಿ. ಅಲ್ಲಿಂದ ಎರಡೂ ಕಡೆ ಕಾಣುತ್ತಿತ್ತು. ಈ ಕಡೆಯವರಿಗೆ ಬಲಕ್ಕೆ ನಡೆದ ಮನುಷ್ಯ ಆ ಕಡೆಯವರಿಗೆ ಎಡಕ್ಕೆ ನಡೆಯುತ್ತಿದ್ದ. ಉಳಿದದ್ದೆಲ್ಲ ಒಂದೇ.

ಮೊದಮೊದಲು ಗದ್ದಲ. ವಿಮಾನ ಬರಲಿಲ್ಲವೆಂದು ಕಾಕಾನಿಗೆ ಬೇಸರ. ಆಮೇಲೆ ಮನೆ ಬಿಡಿಸುವ ದೃಶ್ಯ ಬಂತು. ಹಾಸಿಗೆ, ಪಾತ್ರೆ ಹೊತ್ತು ಜನ ಬೀದಿಯಲ್ಲಿ ನಿಂತಿದ್ದರು; ಉಳಿದವರು ಕಿಟಕಿಯ ಪರದೆ ಸರಿಸಿ ನೋಡಿ ಮತ್ತೆ ಮುಚ್ಚುತ್ತಿದ್ದರು. ಗದ್ದಲ ತಾನಾಗಿ ಅಡಗಿತು. ನಾನು ಓದುತ್ತಾ ಹೋದೆ. ಧ್ವನಿ ಚೆನ್ನಾಗಿ ಏರಿತ್ತು.

ಮುದುಕಿ ಬಂದಳು. ಔಷಧ ಕೇಳಿದಳು. ಕೀಲಿಯವನು ಕೈಯಲ್ಲಿದ್ದ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡ. ನಾನು ಮೈಕಿನಲ್ಲಿ ಹೇಳಿದೆ: "ನಾ ಏನ್ ಮಾಡ್ಲಿ ತಾಯಿ, ಮ್ಯಾಲಿನವರ ಹುಕುಂ ಐತಿ."

ಪರದೆಯ ಹಿಂದಿನಿಂದ ಒಂದು ಹೆಣ್ಣುಧ್ವನಿ ಗಟ್ಟಿಯಾಗಿ ಬಂತು. "ಅಯ್ಯ! ಇದ ಮಾತು ನಂಗೂ ಅಂದಿದ್ನಲ್ಲಬೇ! ಬರೋಬ್ಬರಿ ಇದ ಮಾತು!"

ಆ ಕಡೆ ನಗೆ ಎದ್ದಿತು. ಈ ಕಡೆ ಯಾರೂ ನಗಲಿಲ್ಲ. ಕಾಕಾ ಕೆಮ್ಮಿದರು. ನನಗೆ ಮುಂದಿನ ಸಾಲು ಎಲ್ಲಿದೆ ಎಂದೇ ಸಿಗಲಿಲ್ಲ, ಮಾಸ್ತರರು ಬೆರಳಿಟ್ಟು ತೋರಿಸಿದರು. ಅಲ್ಲಿಂದಾಚೆ ಕೀಲಿಯವನು ಬಾಯಿ ತೆರೆದಾಗಲೆಲ್ಲ ಜನ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅವನಿಗೆ ಮೀಸೆಯೂ ಇಲ್ಲ. ನನಗೂ ಅವನಿಗೂ ಏನು ಸಂಬಂಧ?

ಕೊನೆಯ ದೃಶ್ಯ. ಅಟ್ಟದ ಬಾಗಿಲು. ಸೈನಿಕ ಹಿಂದೆ ನಿಂತಿದ್ದಾನೆ. ಕೀಲಿಯವನು ಹೆಂಡತಿಗೋ ತನಗೋ ಅನ್ನುವಂತೆ ಏನೋ ಗೊಣಗುತ್ತಾನೆ. ಮಾಸ್ತರರು ಬರೆದ ಮಾತು ನನ್ನ ಕೈಯಲ್ಲೇ ಇತ್ತು: "ನಾನು ತೆರೆಯದಿದ್ದರೆ ಇನ್ನೊಬ್ಬ ಒಡೆಯುತ್ತಾನೆ." ನಾನು ಅದನ್ನು ಹೇಳಲಿಲ್ಲ. ಬಯಲಲ್ಲಿ ಧೂಳು ಬಹಳ. ಮೈಕು ಹಿಡಿದು ಸುಮ್ಮನೆ ಕೂತೆ. ಬಾಗಿಲು ತೆರೆಯಿತು. ಹುಡುಗಿ ಒಂದೊಂದೇ ಮೆಟ್ಟಿಲು ಇಳಿದಳು. ಎರಡೂ ಕಡೆ ಕೂಸುಗಳೂ ಅಳಲಿಲ್ಲ.

ಇವತ್ತು ಗಿರಣಿಗೆ ಬಂದವರೆಲ್ಲರದೂ ಅದೇ ಮಾತು. ಮೈಲಾರಪ್ಪ, "ಕಡೀಕ ನೀ ಸುಮ್ನಾದೆಲ್ಲ, ಅಗದಿ ಭೇಷ್ ಮಾಡಿದಿ," ಎಂದ. ಅದು ಅಭಿನಯವಲ್ಲ, ಧೂಳು ಎಂದೆ. ನಂಬಲಿಲ್ಲ.

೧೧ ಮಾರ್ಚ್

ಬೆಳಿಗ್ಗೆ ಗಿರಣಿ ತೆರೆದು ಕೂತೆ. ದುರಗವ್ವ ಬಂದರೆ ಇವತ್ತು ಬೀಸಿಕೊಡೋಣ, ಯಾರು ನೋಡುತ್ತಾರೆ, ಅನ್ನಿಸಿತ್ತು. ಬರಲಿಲ್ಲ. ಮಧ್ಯಾಹ್ನ ಶಲವಡಿ ರಸ್ತೆಯಲ್ಲಿ ಬುಟ್ಟಿ ಹೊತ್ತ ಹೆಂಗಸರ ಸಾಲು ಕಂಡಿತು. ಗಿರಣಿಯ ಮುಂದೆಯೇ ಹೋದರು. ಯಾರೂ ತಿರುಗಿ ನೋಡಲಿಲ್ಲ.

ಬಾರದವರಿಗೆ ಬೀಸುವುದು ಹೇಗೆ?

೧೨ ಮಾರ್ಚ್

ಕೇರಿಗೆ ಹೋಗಿದ್ದೆ. ಹುಟ್ಟಿದ ಊರಿನಲ್ಲಿ ಆ ಓಣಿಗೆ ಕಾಲಿಟ್ಟದ್ದು ಇದೇ ಮೊದಲು. ನನಗೆ ಮನೆ ಯಾವುದೆಂದೇ ಗೊತ್ತಿರಲಿಲ್ಲ, ಕೇಳಿಕೊಂಡು ಹೋಗಬೇಕಾಯಿತು. ದುರಗವ್ವ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಕೂಸು ಗುಣವಾಗಿದೆ. ಗುಡದಪ್ಪ ಹೊರಗೆ ಬಂದು ಬಾಗಿಲಲ್ಲಿ ನಿಂತ, ಕೂಡು ಎನ್ನಲಿಲ್ಲ.

"ನಾಳಿಂದ ಗಿರಣಿಗೆ ಬರ್ರಿ. ಬೀಸಿಕೊಡ್ತೀನಿ," ಎಂದೆ. ಹೇಳುವ ತನಕ ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ದುರಗವ್ವ ತಲೆ ಎತ್ತದೆ ಹೇಳಿದಳು: "ಒಂದು ಸಿನೆಮಾ ನೋಡಿ ಬೀಸ್ತೀನಿ ಅಂತಿ. ನಾಳೆ ಇನ್ನೊಂದು ಸಿನೆಮಾ ನೋಡಿದ್ರ?"

"ಹಂಗ್ಯಾಕ ಅಂತಿ ಬೇ, ಮನಿ ತನಕ ಬಂದಾನ," ಎಂದ ಗುಡದಪ್ಪ.

"ಬರ್ಲಿ. ಹಿಟ್ಟು ಶಲವಡಿಯಾಗೂ ಸಿಗತೈತಿ. ನೀರು ಸಿಗಾಂಗಿಲ್ಲ. ಅಣ್ಣಾ, ಹಿಟ್ಟು ಕೊಟ್ಟು ಸಮಾಧಾನ ಮಾಡ್ಕೋಬ್ಯಾಡ. ಕೆರಿಗೆ ಬರ್ತೀಯೇನು ನಮ್ಮ ಕೂಡ? ಹೂಂ ಅನ್ನು, ಇಲ್ಲಾ ಉಹೂಂ ಅನ್ನು."

ನಾನು ಎರಡನ್ನೂ ಅನ್ನಲಿಲ್ಲ. ತಿರುಗಿ ಬಂದೆ. ಎಂಥ ಹೆಂಗಸು! ಸಹಾಯ ಮಾಡಲು ಹೋದವನಿಗೇ ಪರೀಕ್ಷೆ.

ಸಿಟ್ಟಿನಲ್ಲಿ ಸಾವಿತ್ರೆವ್ವನ ಮುಂದೆ ಎಲ್ಲ ಹೇಳಿದೆ. ಅವಳು ಕೇಳಿ, "ನೀರಿಗೆ ಹೋಗಾಕಿ ನಾನು. ನಿಮ್ಮನ್ನ್ಯಾಕ ಕೇಳ್ಯಾಳ ಆಕಿ?" ಎಂದಳು. ಆಮೇಲೆ ಒಂದು ಮಾತು ಹೇಳಿದಳು. ಆ ದಿನ ಬೆಳಿಗ್ಗೆ ಇವಳೂ ಕೆರೆಯಲ್ಲಿ ಇದ್ದಳಂತೆ. ದುರಗವ್ವ ನಿಂತದ್ದನ್ನು ನೋಡಿದ್ದಳಂತೆ. ಯಾರಾದರೂ ಹೊಯ್ಯುತ್ತಾರೆ ಎಂದು ತನ್ನ ಕೊಡ ತುಂಬಿಕೊಂಡು ಬಂದಳಂತೆ. ಅವತ್ತಿನಿಂದ ಆ ನೀರು ಗಂಟಲಲ್ಲಿ ಇಳಿಯುತ್ತಿಲ್ಲವಂತೆ.

ಇಷ್ಟು ದಿನ ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

೧೫ ಮಾರ್ಚ್

ಕೆರೆಗೆ ಹೋದೆವು. ದಿನ ಗೊತ್ತುಮಾಡಿದ್ದು ಸಾವಿತ್ರೆವ್ವ ಮತ್ತು ದುರಗವ್ವ; ಸುದ್ದಿ ಮೊದಲೇ ಊರೆಲ್ಲ ಹರಡಿತ್ತು.

ಸಾವಿತ್ರೆವ್ವ, ದುರಗವ್ವ, ಕೇರಿಯ ಸಣ್ಣವ್ವ, ಮರೆವ್ವ ಮತ್ತು ಇನ್ನಷ್ಟು ಹೆಂಗಸರು. ಗುಡದಪ್ಪ. ಮಹಬೂಬಸಾಬ ಮಾಸ್ತರರು ಶಾಲೆಗೆ ಹೋಗುವ ಮೊದಲು ಬಂದಿದ್ದರು. ಹಿಂದೆ ನಾನು, ಕೈಯಲ್ಲೊಂದು ಖಾಲಿ ಕೊಡ. ಕೈ ಬೀಸಿಕೊಂಡು ಹೋದರೆ ನೋಡಲು ಬಂದವನಂತೆ ಕಾಣುತ್ತೇನೆಂದು ಹಿಡಿದುಕೊಂಡಿದ್ದೆ.

ದಂಡೆಯ ಮೇಲೆ ಕಾಕಾ ಮತ್ತು ಹತ್ತಿಪ್ಪತ್ತು ಜನ. ಮೆಟ್ಟಿಲಿಗೆ ಅಡ್ಡವಾಗಿ ಮೈಲಾರಪ್ಪ ಎತ್ತಿನ ಬಾರುಕೋಲು ಹಿಡಿದು ನಿಂತಿದ್ದ. ಅವನನ್ನೇ ಯಾಕೆ ನಿಲ್ಲಿಸಿದರೋ.

"ಸಾವಿತ್ರೀ, ಮನಿಗೆ ಹೋಗವಾ," ಎಂದರು ಕಾಕಾ.

"ಕೊಡ ತುಂಬಿದ ಮ್ಯಾಲ ಹೋಗ್ತೀನ್ರಿ ಮಾವಾರ."

"ಹೊಳೆಪ್ಪಾ, ನಿನ್ನ ಹೆಂಡತಿಗೆ ಹೇಳು."

ಎಲ್ಲರೂ ನನ್ನ ಕಡೆ ನೋಡಿದರು. ಸಾವಿರ ಜನರ ಮುಂದೆ ಗದೆ ಎತ್ತಿ ಕೂಗಿದವನು ನಾನು, ಬಾಯಿಂದ ಧ್ವನಿ ಹೊರಡಲಿಲ್ಲ. ಕಾಲು ಮಾತ್ರ ನಡೆದವು. ಮೈಲಾರಪ್ಪನ ಹತ್ತಿರ ಹೋಗಿ, "ಸರಿ ಲೇ, ದಾರಿ ಬಿಡು," ಎಂದೆ. ಪಿಸುಮಾತಿನಂತೆ ಬಂತು. ಅವನು ಕೋಲು ಎತ್ತಿದ. ಅವನ ಪಕ್ಕದಿಂದ ನುಸುಳಿ ಮೆಟ್ಟಿಲಿಳಿದೆ. ಮೊಣಕಾಲು ತನಕ ನೀರಿಗೆ ಹೋಗಿ ನಿಂತು ಕೈ ಚಾಚಿದೆ. "ಕೊಡ ಈ ಕಡೆ ಕೊಡು ದುರಗವ್ವಾ."

ದುರಗವ್ವ ಕೊಡಲಿಲ್ಲ. ಮೈಲಾರಪ್ಪನ ಮುಂದೆ ನಿಂತು ನನಗೆ ಹೇಳಿದಳು: "ನೀ ತುಂಬಬ್ಯಾಡ. ಇಷ್ಟು ದಿನ ನಿಮ್ಮ ಕೈಲೆ ತುಂಬಿಸ್ಕೊಂಡಿದ್ದು ಸಾಕು. ನೀ ಬಾಜು ಸರಿ."

ನಾನು ಬಾಜು ಸರಿದೆ.

ಆಮೇಲೆ ಅವಳು ಮೈಲಾರಪ್ಪನಿಗೆ, "ಏನಣ್ಣಾ, ನಿನ್ನ ಹತ್ತಿ ಎಷ್ಟು ಉದುರೇತಿ?" ಎಂದಳು.

ಅವನು ಕೋಲು ಇಳಿಸಿದ. "ಅರ್ಧಾ ಹೋತವಾ," ಎಂದ. ಅಳುವಂತಿತ್ತು ಧ್ವನಿ.

"ನೀರು ತಗೊಂಡ ಮ್ಯಾಲ ಹತ್ತಿ ಮಾತಾಡೂಣು. ಸರಿ."

ಮೈಲಾರಪ್ಪ ಕಾಕಾನ ಕಡೆ ನೋಡಿದ, ನೀರಿನ ಕಡೆ ನೋಡಿದ, ಸರಿದ. ದುರಗವ್ವ ಇಳಿದು ಕೊಡ ಅದ್ದಿದಳು. ಬುಳುಬುಳು ಸಪ್ಪಳ ದಂಡೆಯ ತನಕ ಕೇಳಿಸಿತು. ಅವಳ ಪಕ್ಕದಲ್ಲೇ ಸಾವಿತ್ರೆವ್ವ ತನ್ನ ಕೊಡ ಅದ್ದಿದಳು. ನಂತರ ಸಣ್ಣವ್ವ, ಮರೆವ್ವ, ಎಲ್ಲರೂ. ನನ್ನ ಕೊಡ ತುಂಬುವುದನ್ನೇ ಮರೆತಿದ್ದೆ. ಕೊನೆಗೆ ತುಂಬಿಕೊಂಡು ಹೆಗಲ ಮೇಲಿಟ್ಟರೆ ಅರ್ಧ ನೀರು ಮೈಮೇಲೆ. ಹೆಂಗಸರು ನಕ್ಕರು. ಕೊಡ ಹೊರುವುದು ಸುಲಭದ ಕೆಲಸವಲ್ಲ.

೧೬ ಮಾರ್ಚ್

ಕಾಕಾ ಬಂದಿದ್ದರು. ಶೆಡ್ಡು ಖಾಲಿ ಮಾಡು ಎಂದರು. ಬೈಯಲಿಲ್ಲ. "ನಿಮ್ಮಪ್ಪನ ಮಾರಿ ನೋಡಿ ಕೊಟ್ಟಿದ್ದೆ," ಎಂದರು. ಹಾಗೆ ಅಂದದ್ದು ಬೈದದ್ದಕ್ಕಿಂತ ಹೆಚ್ಚು ನಟ್ಟಿತು. ಆಗಲಿ ಎಂದೆ. ಹೋಗುವಾಗ ಕಾಲಿಗೆರಗಿದೆ. ಕಾಲು ಹಿಂದೆಗೆದುಕೊಳ್ಳಲಿಲ್ಲ.

೨೧ ಮಾರ್ಚ್

ಗಿರಣಿ ಬಿಚ್ಚಿದ್ದಾಯಿತು. ಕಲ್ಲು ಹೊರಲು ಕೇರಿಯ ಗುಡದಪ್ಪ, ಹುಚ್ಚಪ್ಪ, ಜೊತೆಗೆ ಮೈಲಾರಪ್ಪ. ಮಾಸ್ತರರ ತಮ್ಮ ರಹಿಮಾನಸಾಬ ಬಸ್ಸು ನಿಲ್ಲುವ ಕಡೆ ಇರುವ ತನ್ನ ಹಳೆಯ ದನದ ಕೊಟ್ಟಿಗೆಯನ್ನು ಬಿಟ್ಟುಕೊಟ್ಟಿದ್ದಾನೆ. ಕರೆಂಟು ಬರುವುದು ತಡ. ಸೊಂಟ ನೋವು.

೨ ಏಪ್ರಿಲ್

ಗಿರಣಿ ನಿಂತಿರುವುದರಿಂದ ಇಡೀ ಊರು ಶಲವಡಿಗೆ ಹೋಗಿ ಬೀಸಿಸಿಕೊಂಡು ಬರುತ್ತಿದೆ. ನಮ್ಮ ಓಣಿಯ ಹೆಂಗಸರೂ, ಕೇರಿಯ ಹೆಂಗಸರೂ ಒಂದೇ ದಾರಿ, ಅಲ್ಲಿ ಒಂದೇ ಪಾಳಿ. ಸುಶೀಲವ್ವ ಚಿಕ್ಕವ್ವನ ಬುಟ್ಟಿ ಭಾರವಾಯಿತೆಂದು ಅರ್ಧ ದಾರಿ ಮರೆವ್ವ ಹೊತ್ತುಕೊಂಡು ಬಂದಳಂತೆ. ಚಿಕ್ಕವ್ವ ಮನೆಗೆ ಬಂದು ಕಾಕಾನ ಮುಂದೆ ಬುಟ್ಟಿ ಇಟ್ಟು, "ನಾಳೆ ನೀವ ಹೊತ್ಕೊಂಡ ಹೋಗ್ರಿ," ಎಂದಳಂತೆ. ಸಾವಿತ್ರೆವ್ವ ಹೇಳಿ ಹೇಳಿ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು ಅನ್ನಿಸುತ್ತದೆ.

ಕೇರಿಯವರು ಬಂದು ಉಳಿದ ಹತ್ತಿಯನ್ನು ಬಿಡಿಸುತ್ತಿದ್ದಾರೆ. ಗುಡಿಯ ಮುಂದೆ ಯಾರೂ ಅಡ್ಡಬೀಳಲಿಲ್ಲ. ಆ ಮಾತನ್ನು ಯಾರೂ ಎತ್ತಲೂ ಇಲ್ಲ. ಕೆರೆಗೆ ಕೆಲವು ಮನೆಯವರು ಮಸುಕು ಹರಿಯುವ ಮೊದಲೇ ಹೋಗಿ ನೀರು ತಂದುಕೊಳ್ಳುತ್ತಾರೆ, ಕೇರಿಯವರು ಬರುವ ಮೊದಲು. ತಂದುಕೊಳ್ಳಲಿ. ಮೆಟ್ಟಿಲಿಗೆ ಅಡ್ಡ ನಿಲ್ಲುವವರಿಲ್ಲ.

೧೪ ಏಪ್ರಿಲ್

ಇವತ್ತು ಹೊಸ ಜಾಗದಲ್ಲಿ ಗಿರಣಿ ಶುರುವಾಯಿತು. ಪೂಜೆ ಮಾಡಿ ಮೋಟಾರು ಹಚ್ಚಿದೆ. ಮೊದಲ ಪಾಳಿ ದುರಗವ್ವನದು. ಬೇಕೆಂದು ಕೊಟ್ಟದ್ದಲ್ಲ, ಅವಳೇ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಹಿಂದೆ ಚಿಕ್ಕವ್ವ ಕಳಿಸಿದ ಜೋಳ, ಅದರ ಹಿಂದೆ ಉಳಿದವರು.

ಒಂದು ತಾಸಿನಲ್ಲಿ ದುರಗವ್ವ ತಿರುಗಿ ಬಂದಳು. ಬುಟ್ಟಿಯನ್ನು ಎಲ್ಲರೆದುರು ದಪ್ಪನೆ ಇಟ್ಟಳು.

"ಏನಣ್ಣಾ ಇದು? ಇಷ್ಟು ದಪ್ಪ ಬೀಸಿದ್ರ ರೊಟ್ಟಿ ಹರದು ಹೋಗ್ತಾವ. ನೋಡಿಲ್ಲಿ, ರವಾ ಆಗೇತಿ! ಶಲವಡಿ ಗಿರಣಿ ಇದಕ್ಕಿಂತ ಭೇಷ್ ಇತ್ತು."

"ಕಲ್ಲು ಹೊಸದಾಗಿ ಕೂಡಿಸೀನಿ, ಒಂದೆರಡು ದಿನ ಹಂಗ ಆಗತೈತಿ," ಎಂದೆ.

"ಹಂಗಂತ ನನ್ನ ಕೂಸು ರವಾ ರೊಟ್ಟಿ ತಿನ್ಬೇಕೇನು? ಮತ್ತ ಬೀಸು."

ಪಾಳಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಚಿಕ್ಕವ್ವನ ಆಳು, "ಹೌದ್ರಿ, ನಮ್ಮದೂ ದಪ್ಪ ಆಗೇತಿ," ಎಂದು ಸೇರಿಸಿದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ವರ್ಷದಲ್ಲಿ ನನ್ನ ಹಿಟ್ಟಿನಲ್ಲಿ ಯಾರೂ ಕೊಂಕು ತೆಗೆದಿರಲಿಲ್ಲ, ಕೇರಿಯವರಂತೂ ಕೊಟ್ಟದ್ದನ್ನು ಒಯ್ಯುತ್ತಿದ್ದರು. ಮೋಟಾರು ನಿಲ್ಲಿಸಿ, ಕಲ್ಲು ಬಿಗಿಮಾಡಿ, ಅವಳ ಬುಟ್ಟಿಯನ್ನು ಮತ್ತೆ ಗಿರಣಿಯ ಬಾಯಿಗೆ ಸುರಿದೆ. ಬಿದ್ದ ಹಿಟ್ಟನ್ನು ಬೆರಳಿನಿಂದ ತಿಕ್ಕಿ ನೋಡಿದಳು. ಇನ್ನೂ ಸ್ವಲ್ಪ ಎಂದಳು. ಇನ್ನೂ ಬಿಗಿಮಾಡಿದೆ.

"ಹಾಂ, ಈಗ ಆತು ನೋಡು," ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಒಂದು ಒಳ್ಳೆಯ ಮಾತಿಲ್ಲ.

ನಾಳೆ ಬೆಳಿಗ್ಗೆ ಎದ್ದ ಕೂಡಲೇ ಕಲ್ಲನ್ನು ಇನ್ನೊಮ್ಮೆ ನೋಡಬೇಕು. ಅವಳು ಬರುವ ಮೊದಲು.